ಹಿಟ್ಟಿಗಿಲ್ಲ ಜಾಗ, ಜುಟ್ಟಿಗೆ ಮಲ್ಲಿಗೆ

ಹಲಗೂರಿನಲ್ಲಿ ನಮ್ಮಣ್ಣ ಕಟ್ಟಿಸಿದ ಹೊಸ ಮನೆಗೆ ಯಾರೇ ನೆಂಟರು ಬರಲಿ, ಕಾಲಿಗೆ ನೀರು ಕೊಟ್ಟ ಮರುಗಳಿಗೆಯೇ ಅಡುಗೆಮನೆ ತೋರಿಸಲು ಎಬ್ಬಿಸಿಕೊಂಡು ಹೋಗುತ್ತಾನೆ. ದೇವರಮನೆಯ ಸರದಿ ಆಮೇಲೆ. ಸ್ವಿಚ್ಚು ಒತ್ತುತ್ತಾನೆ, ಕಪಾಟಿನ ಅಡಿಯಲ್ಲಿ ಸಾಲು ದೀಪ ಹತ್ತುತ್ತವೆ. ಡ್ರಾಯರ್ ಎಳೆದು ಬಿಡುತ್ತಾನೆ, ಅದು ಹೊಸ ಸೊಸೆಯ ಹಾಗೆ ಸದ್ದಿಲ್ಲದೆ ಒಳಗೆ ಹೋಗುತ್ತದೆ. ನೆಂಟರು ಬಾಯಿಬಿಟ್ಟು ನೋಡುತ್ತಾರೆ. ಆಮೇಲೆ ಎಲ್ಲರಿಗೂ ಕಾಫಿ ಬರುತ್ತದೆ. ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ. ಹಿತ್ತಲಿನಿಂದ ಬಂದಿರುತ್ತದೆ.

ಗೃಹಪ್ರವೇಶದ ದಿನ ಆ ಗಾಜಿನ ಒಲೆಯ ಮೇಲೆ ಹಾಲು ಉಕ್ಕಿಸಿದ್ದೆವು. ಶಾಸ್ತ್ರದ ಪ್ರಕಾರ ಅದು ಪೂರ್ವಕ್ಕೆ ಉಕ್ಕಬೇಕು. ಉಕ್ಕಿದ್ದೂ ಪೂರ್ವಕ್ಕೇ, ಆದರೆ ಇಳಿದದ್ದು ಗಾಜಿನ ಕೆಳಗಿನ ಸಂದಿಗೆ. ಅದನ್ನು ಬಿಚ್ಚಿ ಒರೆಸಲು ಕಂಪನಿಯವನೇ ಬರಬೇಕಾಯಿತು. ಅಂದಿನಿಂದ ಅಲ್ಲಿ ಏನೂ ಉಕ್ಕಿಲ್ಲ.

ಊರಿನ ಮಾನ ಉಳಿಸುವ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಮಂಟೇಸ್ವಾಮಿ ಕಾವ್ಯ ಹಾಡುವ ನೀಲಗಾರರನ್ನು ಕೇಳಿ: ಸಿದ್ದಪ್ಪಾಜಿ ಕಬ್ಬಿಣದ ಭಿಕ್ಷೆ ಬೇಡಿ ಬಂದದ್ದು ಬೇರೆಲ್ಲಿಗೂ ಅಲ್ಲ, ಹಲಗೂರಿನ ಪಾಂಚಾಳರ ಬಾಗಿಲಿಗೆ. ಕಬ್ಬಿಣಕ್ಕೆ ಅಂಥ ಹೆಸರಿದ್ದ ಊರು. ಇವತ್ತು ಸಿದ್ದಪ್ಪಾಜಿ ಬಂದು ನಮ್ಮಣ್ಣನ ಬಾಗಿಲು ತಟ್ಟಿದರೆ ಜೋಳಿಗೆಗೆ ಬೀಳುವುದು ಒಂದು ಕ್ಯಾಟಲಾಗು. ಕಬ್ಬಿಣದ ಹಂಚು ಕಲೆ ಬಿಡುತ್ತದೆಂದು, ಈಳಿಗೆಮಣೆ ಟೈಲ್ಸ್ ಗೀರುತ್ತದೆಂದು, ಊದುಗೊಳವೆ ನೋಡಲು ಲಕ್ಷಣವಾಗಿಲ್ಲವೆಂದು ಹೊಸ ಮನೆಯೊಳಗೆ ಒಂದು ತುಂಡು ಕಬ್ಬಿಣವನ್ನೂ ಬಿಟ್ಟುಕೊಂಡಿಲ್ಲ.

ಡಿಸೈನು ಮಾಡಲು ಬೆಂಗಳೂರಿನಿಂದ ಒಬ್ಬ ಹುಡುಗ ಬಂದಿದ್ದ. ಗೋಡೆಗೆ ಲೇಸರ್ ಬಿಟ್ಟು ಮಿಲಿಮೀಟರ್ ಲೆಕ್ಕದಲ್ಲಿ ಅಳೆದ. ಫ್ರಿಜ್ಜು ಅಳೆದ, ಸಿಲಿಂಡರ್ ಅಳೆದ, ನೀರಿನ ಫಿಲ್ಟರ್ ಅಳೆದ. ಅಳೆಯದೆ ಬಿಟ್ಟದ್ದು ಅಡುಗೆ ಮಾಡುವ ಅವ್ವನನ್ನೊಬ್ಬಳನ್ನೇ. ಹಾಗೆಂದು ಅವಳನ್ನು ಕೇಳಲೇ ಇಲ್ಲ ಎನ್ನುವಂತಿಲ್ಲ. "ಅಮ್ಮಾ, ನಿಮಗೆ ಗ್ಲಾಸಿ ಬೇಕಾ, ಮ್ಯಾಟ್ ಬೇಕಾ?" ಎಂದು ಒಂದು ಪ್ರಶ್ನೆ ಕೇಳಿದ.

"ಮ್ಯಾಟು ಬಾಗಲಿಗೊಂದು ಸಾಕು ಕಣಪ್ಪ" ಅಂದಳು ಅವ್ವ. ಗ್ಲಾಸಿ ಖಾಯಂ ಆಯಿತು.

ಆಮೇಲೆ ಕಂಪ್ಯೂಟರಿನಲ್ಲಿ ಚಿತ್ರ ಬಂತು. ಅಮೃತಶಿಲೆಯಂಥ ಬಿಳಿ ಕಟ್ಟೆ, ಅದರ ಮೇಲೊಂದು ಗಾಜಿನ ಬಟ್ಟಲು, ಅದರಲ್ಲಿ ಮೂರು ಹಸಿರು ಸೇಬು. ನಮ್ಮ ಮನೆಯಲ್ಲಿ ಹಸಿರು ಸೇಬು ತಿನ್ನುವವರು ಯಾರೂ ಇಲ್ಲ. ಇರುವುದು ಒಂದು ಮೂಟೆ ರಾಗಿ, ಹುರುಳಿಕಾಳು, ಅವರೆಕಾಳು, ಹುಣಸೆಹಣ್ಣಿನ ಗಡಿಗೆ, ಮೂಲೆಯಲ್ಲಿ ಗುಡ್ಡೆ ಹಾಕಿದ ತೆಂಗಿನಕಾಯಿ. ಇವಕ್ಕೆಲ್ಲ ಚಿತ್ರದಲ್ಲಿ ಜಾಗವಿರಲಿಲ್ಲ. ವೈನ್ ಗ್ಲಾಸು ತಲೆಕೆಳಗಾಗಿ ನೇತುಹಾಕುವ ಕಂಬಿ ಮಾತ್ರ ಇತ್ತು. ಈಗ ಅದರಲ್ಲಿ ಅಣ್ಣನ ಹೆಲ್ಮೆಟ್ ತೂಗುತ್ತಿದೆ.

ನಡುವೆ ಐಲ್ಯಾಂಡು ಎಂಬ ಒಂಟಿ ಕಟ್ಟೆ. ನಮ್ಮ ಮಳವಳ್ಳಿ ತಾಲ್ಲೂಕಿಗೆ ಗೊತ್ತಿದ್ದ ದ್ವೀಪ ಶಿವನಸಮುದ್ರ ಒಂದೇ. ಕಾವೇರಿ ಅಲ್ಲಿ ಎರಡಾಗಿ ಸೀಳುತ್ತಾಳೆ. 1902ರಲ್ಲಿ ಅಲ್ಲಿ ಹುಟ್ಟಿದ ಕರೆಂಟು ನಮ್ಮ ಮನೆಗಳನ್ನು ಹಾರಿ ನೇರ ಕೋಲಾರದ ಚಿನ್ನದ ಗಣಿಗೆ ಹೋಯಿತು. ಅಣ್ಣನ ದ್ವೀಪವೂ ಅದೇ ಜಾಯಮಾನದ್ದು. ಅಡುಗೆಮನೆಯನ್ನು ಎರಡಾಗಿ ಸೀಳಿದೆ, ಮನೆಯವರಿಗೆ ಮೂರು ಕಾಸಿನ ಉಪಯೋಗವಿಲ್ಲ. ಅತ್ತಿಗೆಯವರು ಸಿಂಕಿನಿಂದ ಒಲೆಗೆ ಹೋಗಬೇಕಾದರೆ ಪ್ರದಕ್ಷಿಣೆ ಹಾಕಬೇಕು. ಪುಣ್ಯವಾದರೂ ಬರುತ್ತದೆಂದು ಅಣ್ಣನ ಸಮಾಧಾನ.

ಕಟ್ಟೆಗೆ ಹಾಕಿದ ಬಿಳಿ ಹಲಗೆ ಕ್ವಾರ್ಟ್ಸಿನದು. ಕಲ್ಲಿನ ಪುಡಿಗೆ ರಾಳ ಬೆರೆಸಿ ಒತ್ತಿದ ಮಾಲು ಅದು. ಒಲೆಯಿಂದ ಇಳಿಸಿದ ಪಾತ್ರೆಯನ್ನು ನೇರ ಅದರ ಮೇಲೆ ಇಟ್ಟರೆ ರಾಳ ಸುಟ್ಟು ಕಲೆ ನಿಲ್ಲುತ್ತದೆ. ಅರಿಶಿನ ಬಿದ್ದರೆ ಆ ಕ್ಷಣವೇ ಒರೆಸಬೇಕು. ಪಕ್ಕದ ಕನಕಪುರ, ಚಾಮರಾಜನಗರದ ಕರಿಕಲ್ಲು ಹಡಗು ಹತ್ತಿ ದೇಶಾಂತರ ಹೋಗುತ್ತಿದೆ. ಅದರ ಮೇಲೆ ಕುದಿಯುವ ಸಾರಿನ ಪಾತ್ರೆ ಕುಕ್ಕಿದರೂ ಅದು ಮಿಸುಕುವುದಿಲ್ಲ. ಆದರೆ ಅಣ್ಣನಿಗೆ ಅದು "ಚಪ್ಪಡಿ ಥರ ಕಾಣ್ತದೆ."

ಸಿಂಕಿನ ಕೆಳಗಿನ ಕಪಾಟು ಎರಡನೇ ಮಳೆಗಾಲಕ್ಕೇ ಹಪ್ಪಳದಂತೆ ಉಬ್ಬಿತು. ಐಎಸ್ 710 ಎಂಬ ಗುರುತಿರುವ ಪ್ಲೈವುಡ್ಡಾದರೆ ಕುದಿಯುವ ನೀರಿಗೂ ಅಂಟು ಬಿಡುವುದಿಲ್ಲ. ಅಣ್ಣ ಶಟರಿನ ಬಣ್ಣಕ್ಕೆ ಹದಿನೈದು ದಿನ ತಲೆ ಕೆಡಿಸಿಕೊಂಡ. ಹಲಗೆಯ ಬೆನ್ನಿಗೆ ಏನು ಮುದ್ರೆ ಒತ್ತಿದೆ ಎಂದು ನೋಡಲು ಹದಿನೈದು ನಿಮಿಷ ಬಗ್ಗಲಿಲ್ಲ. ಬೆನ್ನು ಫೋಟೋದಲ್ಲಿ ಬರುವುದಿಲ್ಲವಲ್ಲ.

ಇಷ್ಟೂ ಸಹಿಸಬಹುದಿತ್ತು. ಎಲ್ಲ ಕೆಟ್ಟದ್ದು ಹಿಟ್ಟಿನ ಕೈಯಲ್ಲಿ.

ಮಂಡ್ಯ ಸೀಮೆಯಲ್ಲಿ ಹಿಟ್ಟು ಎಂದರೆ ಮುದ್ದೆ, ಮುದ್ದೆ ಎಂದರೆ ಊಟ. ಎಸರು ಮಳ್ಳಬೇಕು, ರಾಗಿಹಿಟ್ಟು ಸುರಿಯಬೇಕು, ಬೇಯಬೇಕು. ಆಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಅಲುಗದ ಹಾಗೆ ಒತ್ತಿಹಿಡಿದು, ಕೋಲಿನಲ್ಲಿ ಗಂಟಿಲ್ಲದಂತೆ ತಿರುವಬೇಕು. ಅದು ಕೈಕೆಲಸವಲ್ಲ, ಮೈಕೆಲಸ. ಭುಜ, ಬೆನ್ನು, ತೊಡೆ ಎಲ್ಲವೂ ಕೂಡಿ ದುಡಿಯಬೇಕು. ಅದಕ್ಕೆ ಬೇಕಾದದ್ದು ಗಟ್ಟಿ ನೆಲ ಮತ್ತು ಕೂರಲು ಮೂರಡಿ ಜಾಗ. ಆ ಮೂರಡಿಯಲ್ಲೇ ಈಗ ಐಲ್ಯಾಂಡು ಕೂತಿದೆ.

"ಅಲ್ಲಪ್ಪಾ, ಹಿಟ್ಟು ತಿರುವಕ್ಕೆ ಜಾಗ ಎಲ್ಲಿ ಮಡಗಿದ್ದೀಯ?" ಅಂತ ಅವ್ವ ಕೇಳಿದಳು. "ನಿಂತ್ಕಂಡೇ ತಿರುವವ್ವ, ಈಗೆಲ್ಲ ಹಂಗೇಯ" ಅಂದ ಅಣ್ಣ.

ಲೆಕ್ಕ ಹಾಕೋಣ. ಅವ್ವನ ಎತ್ತರ 58 ಇಂಚು, ಅಂದರೆ ನಾಲ್ಕು ಅಡಿ ಹತ್ತು ಇಂಚು. ಕಟ್ಟೆ 34 ಇಂಚು, ಒಲೆಯ ಕಂಬಿ 2, ಪಾತ್ರೆ 8. ಪಾತ್ರೆಯ ಬಾಯಿ ಹೋಗಿ ನಿಂತದ್ದು 44 ಇಂಚಿಗೆ, ಅವ್ವನ ಎದೆಮಟ್ಟಕ್ಕೆ. ಅದರೊಳಗೆ ಎರಡೂವರೆ ಅಡಿಯ ಕೋಲು ನಿಲ್ಲಿಸಿದರೆ ತುದಿ ಅವಳ ನೆತ್ತಿಗಿಂತ ಎಂಟಿಂಚು ಮೇಲೆ. ಅದನ್ನು ತಿರುವುವುದೆಂದರೆ ಜಾತ್ರೆಯಲ್ಲಿ ಸತ್ತಿಗೆ ಹಿಡಿದು ಕುಣಿದ ಹಾಗೆ. ಕೆಳಗಿರುವುದು ಗಾಜು. ಅವ್ವ ಒಂದು ಸಲ ಕೋಲು ಒತ್ತಿದಳು. ಗಾಜು 'ಟಿಕ್' ಎಂದಿತು. ಅಣ್ಣನ ಎದೆ ಅದಕ್ಕಿಂತ ಜೋರಾಗಿ 'ಟಿಕ್' ಎಂದಿತು. ಅಲ್ಲಿಗೆ ಮುಗಿಯಿತು.

ಕಟ್ಟೆ ಅಡುಗೆ ಮಾಡುವವರ ಮೊಣಕೈಗಿಂತ ಒಂದು ಗೇಣಿನೊಳಗೆ ತಗ್ಗಿರಬೇಕು, ಬಲ ಹಾಕುವ ಕೆಲಸಕ್ಕಾದರೆ ಇನ್ನೂ ತಗ್ಗು. ಇದು ಬ್ರಹ್ಮವಿದ್ಯೆಯೇನಲ್ಲ. ಇವತ್ತಿನ ಮಾಡ್ಯುಲರ್ ಕಿಚನ್ನಿನ ಮುತ್ತಜ್ಜಿ ಹುಟ್ಟಿದ್ದು 1926ರಲ್ಲಿ, ಜರ್ಮನಿಯ ಫ್ರಾಂಕ್‌ಫರ್ಟಿನಲ್ಲಿ, ಕೂಲಿಕಾರ್ಮಿಕರ ಮನೆಗಳಿಗೆಂದು. ಮಾರ್ಗರೆಟೆ ಶೂಟೆ-ಲಿಹೋಟ್ಸ್ಕಿ ಎಂಬ ವಾಸ್ತುಶಿಲ್ಪಿ ರೈಲಿನ ಊಟದ ಬೋಗಿಯ ಅಡುಗೆಕೋಣೆಯನ್ನು ನೋಡಿ ಅದನ್ನು ರೂಪಿಸಿದಳು. ನಮ್ಮ ಮದ್ದೂರಿನಲ್ಲಿ ರೈಲು ನಿಂತರೆ ವಡೆ ಸಿಕ್ಕಿತು. ಅಲ್ಲಿ ರೈಲು ನೋಡಿದ್ದಕ್ಕೆ ಅಡುಗೆಮನೆಯೇ ಸಿಕ್ಕಿತು. ಸುಮಾರು ಆರೂವರೆ ಚದರ ಮೀಟರ್, ಅಷ್ಟೆ. ಕೂತು ತರಕಾರಿ ಹೆಚ್ಚಲು ತಿರುಗುವ ಸ್ಟೂಲು. ಹುಳ ಹಿಡಿಯಬಾರದೆಂದು ಹಿಟ್ಟಿಗೆ ಓಕ್ ಮರದ ಡಬ್ಬಿ. ನೊಣ ಕೂರುವುದಿಲ್ಲವೆಂಬ ನಂಬಿಕೆಯಿಂದ ಬಳಿದ ನೀಲಿ ಬಣ್ಣ. ಬಣ್ಣಕ್ಕೂ ಒಂದು ಕೆಲಸ ಹಚ್ಚಿದ್ದಳು ಆ ಪುಣ್ಯಾತ್ಗಿತ್ತಿ. ತಮಾಷೆಯೆಂದರೆ, ಆ ಕಾಲಕ್ಕೆ ತನಗೆ ಅಡುಗೆಯೇ ಬರುತ್ತಿರಲಿಲ್ಲ ಎಂದು ಆಕೆಯೇ ಮುಂದೆ ಒಪ್ಪಿಕೊಂಡಳು. ಬಾರದವಳು ಹೆಜ್ಜೆ ಎಣಿಸಿದಳು, ನಿಮಿಷ ಲೆಕ್ಕ ಹಾಕಿದಳು. ಅಣ್ಣನಿಗೂ ಅಡುಗೆ ಬಾರದು. ಅವನು ಎಣಿಸಿದ್ದು ಲೈಟು.

ಇಷ್ಟು ಹೇಳಿದ ಕೂಡಲೇ ಒಂದು ಗುಂಪು ಎದ್ದು ನಿಲ್ಲುತ್ತದೆ. "ಅಯ್ಯೋ, ನಮ್ಮ ಅಜ್ಜಿಯ ಕಾಲದ ತೊಟ್ಟಿಮನೆಯ ಅಡುಗೆಮನೆ! ಸೌದೆ ಒಲೆಯ ಸಾರಿನ ಘಮ!" ಈ ಘಮದ ಬಗ್ಗೆ ಭಾಷಣ ಮಾಡುವವರೆಲ್ಲ ಆ ಕಾಲದಲ್ಲಿ ಪಡಸಾಲೆಯಲ್ಲಿ ಕೂತು ಉಂಡವರು. ಒಲೆಯ ಮುಂದೆ ಕೂತಿದ್ದ ಅಜ್ಜಿಗೆ ಘಮ ತಿಳಿಯುತ್ತಿರಲಿಲ್ಲ. ಅವಳ ಮೂಗು ಕಟ್ಟಿತ್ತು, ಕಣ್ಣು ಸೋರುತ್ತಿತ್ತು. ಅಣ್ಣನ ಬಿಳಿ ಕಟ್ಟೆಯೂ ಇವರ ಮಸಿ ಗೋಡೆಯೂ ಒಂದೇ ತೋಟದ ಬೆಳೆ. ಎರಡನ್ನೂ ಹೊಗಳುವವರು ಅಲ್ಲಿ ಬೇಯಿಸುವವರಲ್ಲ.

ಬೇಯಿಸುವವರ ಕಣ್ಣು ನೆನೆದವರೂ ಇದ್ದರು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ರೆಡ್ಡಿಯವರು 1974ರಲ್ಲಿ ಅಸ್ತ್ರ ಎಂಬ ಕೇಂದ್ರ ಕಟ್ಟಿದರು. ಅಲ್ಲಿಂದ ಅಸ್ತ್ರ ಒಲೆ ಬಂತು: ಒಂದೇ ಉರಿಗೆ ಮೂರು ಪಾತ್ರೆ, ಸೌದೆ ಕಡಿಮೆ, ಹೊಗೆ ಕೊಳವೆಯಲ್ಲಿ ಮೇಲಕ್ಕೆ. ನೋಡಲು ಮಣ್ಣಿನ ಗುಡ್ಡೆ. ಅದರ ಮುಂದೆ ನಿಂತು ಯಾರೂ ಸೆಲ್ಫಿ ತೆಗೆದುಕೊಳ್ಳಲಿಲ್ಲ. ಹೊಗೆ ಹೊರಗೆ ಹೋದದ್ದು ಫೋಟೋದಲ್ಲಿ ಹೇಗೆ ಕಾಣಬೇಕು?

ಈಗ ಹಿತ್ತಲಿಗೆ ಬನ್ನಿ. ಟಿಕ್ ಎಂದ ಮಾರನೇ ವಾರವೇ ಅಲ್ಲಿ ನಾಲ್ಕು ಕಂಬ ಎದ್ದವು, ಮೇಲೆ ತಗಡು ಬಂತು. ಮೂರು ಕಲ್ಲಿನ ಒಲೆ, ಸೌದೆ ರಾಶಿ, ಗೋಡೆಗೆ ಒರಗಿದ ಕವೆಗೋಲು. ಮನೆಯಿಂದ ಹೊರಬಿದ್ದಿದ್ದ ಕಬ್ಬಿಣವೆಲ್ಲ ಅಲ್ಲಿ ಮೊಳೆಗೆ ತೂಗುತ್ತಿದೆ. ಅವ್ವ ನೆಲದ ಮೇಲೆ ಕೂತು ಹಿಟ್ಟು ತಿರುವುತ್ತಾಳೆ, ಪಾತ್ರೆ ಅಲುಗುವುದಿಲ್ಲ, ಮುದ್ದೆಯಲ್ಲಿ ಗಂಟಿರುವುದಿಲ್ಲ. ಪರವಾಗಿಲ್ಲ, ಅವ್ವ ಗೆದ್ದಳು ಎಂದುಕೊಂಡೆ. ಆಮೇಲೆ ಗಾಳಿ ತಿರುಗಿತು. ಹೊಗೆ ಅವಳ ಮುಖಕ್ಕೇ ಸುತ್ತಿಕೊಂಡಿತು. ಅವ್ವ ಸೆರಗು ಬಾಯಿಗೆ ಒತ್ತಿ ಕೆಮ್ಮಿದಳು, ನಿಲ್ಲದೆ ಕೆಮ್ಮಿದಳು.

ಒಳಗೆ, ಈಗ ಉರಿಯದ ಗಾಜಿನ ಒಲೆಯ ನೆತ್ತಿಯ ಮೇಲೆ, ಗಂಟೆಗೆ 1,200 ಘನ ಮೀಟರ್ ಗಾಳಿ ಹೀರುವ ಚಿಮಣಿಯನ್ನು ಅಣ್ಣ ನೆಂಟರಿಗೆ ಹಾಕಿ ತೋರಿಸುತ್ತಿದ್ದ. ಕೆಮ್ಮು ಕೇಳಿ ಒಂದು ಗಳಿಗೆ ಆಫ್ ಮಾಡಿದ. ಹಿತ್ತಲ ಕಡೆಗೆ ತಿರುಗಿ ಕೂಗಿದ:

"ಅವ್ವಾ, ಆ ಬಾಗಲು ಹಾಕ್ಕೋ. ಹೊಗೆ ಕಿಚನ್‌ಗೆ ಬತ್ತದೆ."