ಸಿಇಟಿ ಅಪ್ಪ

ಚನ್ನಪಟ್ಟಣ ತಾಲ್ಲೂಕಿನ ಅಕ್ಕೂರಿನಲ್ಲಿ ಸಿಇಟಿ ಬರೆಯುವವರು ಎರಡು ಥರ. ಮಕ್ಕಳು ಬರೆಯುವುದು ಏಪ್ರಿಲ್‌ನಲ್ಲಿ ಎರಡು ದಿನ. ಅಪ್ಪಂದಿರು ಬರೆಯುವುದು ಯುಗಾದಿಯಿಂದ ದಸರಾವರೆಗೆ. ಮಕ್ಕಳಿಗೆ ಸಿಲೆಬಸ್ ಇದೆ, ಹಾಲ್ ಟಿಕೆಟ್ ಇದೆ, ಮುಗಿಯಿತು ಎನ್ನಲು ಗಂಟೆ ಇದೆ. ಅಪ್ಪನಿಗೆ ಇರುವುದು ಜಿಪ್ ಹಾಕುವ ಒಂದು ನೀಲಿ ಫೈಲು ಮಾತ್ರ.

ಆ ಫೈಲಿನಿಂದಲೇ ಸಿಇಟಿ ಅಪ್ಪನನ್ನು ಗುರುತಿಸಬಹುದು. ಮನೆಯಲ್ಲಿ ಎರಡೆಕರೆ ಹಿಪ್ಪುನೇರಳೆ, ಒಂದಷ್ಟು ತೆಂಗು, ಊಟಕ್ಕಾಗುವಷ್ಟು ರಾಗಿ, ಒಂದು ಸೀಮೆ ಹಸು. ಎಸ್ಸೆಸ್ಸೆಲ್ಸಿ ಗಣಿತ ಕೈಕೊಟ್ಟ ಮೇಲೆ ಪುಸ್ತಕ ಮುಟ್ಟಿದವನಲ್ಲ. ಆದರೆ ಮಗಳು ಪಿಯುಸಿಗೆ ಪಿಸಿಎಂಬಿ ತೆಗೆದುಕೊಂಡ ದಿನದಿಂದ ಮಾತಿನ ಧಾಟಿಯೇ ಬೇರೆ. ಟೀ ಅಂಗಡಿಯಲ್ಲಿ ಯಾರಾದರೂ ‘ಈ ಸಲ ಮಳೆ ಹೆಂಗಣ್ಣ?’ ಎಂದರೆ, ‘ಹೋದ ವರ್ಷ ಮಳೆ ಹಿಡ್ಕೊಳೋ ಹೊತ್ಗೆ ಆಪ್ಷನ್ ಎಂಟ್ರಿ ಬಿಟ್ಟಿದ್ರು’ ಎಂಬ ಉತ್ತರ ಬರುತ್ತದೆ. ಕರ್ನಾಟಕ ಪರೀಕ್ಷಾ ಪ್ರಾಧಿಕಾರ ಈತನ ಬಾಯಲ್ಲಿ ‘ನಮ್ ಕೆಇಎ’. ಮಲ್ಲೇಶ್ವರದ ಸಂಪಿಗೆ ರಸ್ತೆಗೆ ಹೋಗುವ ದಾರಿಯನ್ನು ಮಾವನ ಮನೆ ದಾರಿಯಷ್ಟೇ ಸಲೀಸಾಗಿ ಹೇಳುತ್ತಾನೆ.

ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ, ಜೀವಶಾಸ್ತ್ರ, ಒಂದೊಂದಕ್ಕೂ 60 ಪ್ರಶ್ನೆ, 80 ನಿಮಿಷ. ಭಾಗಿಸಿದರೆ ಪ್ರಶ್ನೆಗೆ 80 ಸೆಕೆಂಡು. ಸಿಇಟಿಯಲ್ಲಿ ಈತ ಬಿಡಿಸಬಲ್ಲ ಲೆಕ್ಕ ಇದೊಂದೇ ಆದ್ದರಿಂದ ಇದನ್ನೇ ಮನೆತುಂಬ ಬಿಡಿಸುತ್ತಾನೆ. ಮಗಳು ಬಚ್ಚಲಿಗೆ ಹೋದರೆ ಹೊರಗಿನಿಂದ ಕೂಗು: ‘ಹತ್ತು ಕ್ವಶ್ಚನ್ ಆಯ್ತು ಕಣ್ ಮಗ, ಬಾ ಈಚೆಗೆ.’ ಮುದ್ದೆ ಮುರಿಯುವಾಗಲೂ ಕಣ್ಣು ಮೊಬೈಲಿನ ಗಡಿಯಾರದ ಮೇಲೆ. ‘ಮುದ್ದೆಗೂ ನಾಕು ಉತ್ರ ಇಟ್ಟವ್ರಾ? ಸುಮ್ಕೆ ಉಣ್ಣಕ್ ಬುಡಿ ಅತ್ಲಗೆ’ ಎಂದು ಹೆಂಡತಿ ಗದರಿದರೆ, ‘ಸಿಇಟೀಲಿ ನೆಗೆಟಿವ್ ಮಾರ್ಕ್ಸ್ ಇಲ್ಲ, ಆದ್ರೆ ಟೈಮು ನೆಗೆಟಿವ್ವೇ’ ಎನ್ನುತ್ತಾನೆ. ಈ ಮಾತು ಯೂಟ್ಯೂಬಿನದು, ಗಾಂಭೀರ್ಯ ಈತನದೇ.

ರೇಷ್ಮೆ ಹುಳ ಗೂಡು ಕಟ್ಟುವ ಮೊದಲು ಪೊರೆ ಬಿಡಲು ನಾಲ್ಕು ಸಲ ಜ್ವರಕ್ಕೆ ಕೂರುತ್ತದೆ. ಆಗ ಸೊಪ್ಪು ಹಾಕಬಾರದು, ತಟ್ಟೆ ಅಲುಗಿಸಬಾರದು, ಹುಳದ ಮನೆ ಬಾಗಿಲಲ್ಲಿ ಜೋರಾಗಿ ಮಾತಾಡಲೂ ಬಾರದು ಎಂದು ಊರಿಗೆಲ್ಲ ಬುದ್ಧಿ ಹೇಳುವವನು ಇವನೇ. ಪಿಯು ಪರೀಕ್ಷೆ, ಸಿಇಟಿ, ನೀಟ್, ಕಾಮೆಡ್‌-ಕೆ ಎಂದು ನಾಲ್ಕು ಜ್ವರ ಒಂದರ ಬೆನ್ನಿಗೆ ಒಂದು ದಾಟುತ್ತಿರುವ ಮಗಳ ತಲೆಯ ಮೇಲೆ ಮಾತ್ರ ಗಂಟೆಗೊಂದು ಸಲ ಸೊಪ್ಪು ಸುರಿಯುತ್ತಾನೆ.

ಈತನ ನಿಜವಾದ ಪಾಂಡಿತ್ಯ ಇರುವುದು ಕಾಗದಪತ್ರದಲ್ಲಿ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಏಳು ವರ್ಷದ ವ್ಯಾಸಂಗ ಪ್ರಮಾಣಪತ್ರ, ಗ್ರಾಮೀಣ ವ್ಯಾಸಂಗದ್ದು, ಕನ್ನಡ ಮಾಧ್ಯಮದ್ದು. ಒಂದಕ್ಕೆ ಹೆಡ್‌ಮಾಸ್ಟರ ಸಹಿ, ಅದರ ಮೇಲೆ ಬಿಇಒ ಮೇಲುಸಹಿ; ಇನ್ನೊಂದಕ್ಕೆ ನಾಡಕಚೇರಿಯ ಕ್ಯೂ. ಹೆಂಡತಿಯ ಹುಟ್ಟಿದ ದಿನ ಈತನಿಗೆ ನೆನಪಿಲ್ಲ. ಆದರೆ ಜಾತಿ ಪ್ರಮಾಣಪತ್ರದ ಆರ್‌ಡಿ ನಂಬರನ್ನು ನಿದ್ದೆಗಣ್ಣಲ್ಲಿ ಕೇಳಿದರೂ ಒಂದು ಸೊನ್ನೆ ಬಿಡದೆ ಹೇಳುತ್ತಾನೆ. ಪ್ರತಿಯೊಂದಕ್ಕೂ ಹತ್ತು ಜೆರಾಕ್ಸ್. ‘ಯಾರೂ ಕೇಳ್ನಿಲ್ವಲ್ಲಪ್ಪ ಇದನ್ನ’ ಎಂದು ಮಗಳು ಕೇಳಿದರೆ, ‘ಕೇಳಿದ್ರೆ?’ ಎಂಬುದೇ ಜವಾಬು. ಈತನ ಜೀವನಸಿದ್ಧಾಂತ ಆ ಒಂದು ಪದದಲ್ಲಿ ಅಡಗಿದೆ.

ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದ ಮಕ್ಕಳಿಗೆ ಶೇ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5 ಸೀಟು ಮೀಸಲು. ಇದು ತಿಳಿದ ಮೇಲೆ ಈತ ಊರಿನ ಸರ್ಕಾರಿ ಶಾಲೆಯ ಕಟ್ಟಾ ಅಭಿಮಾನಿ. ಮಗಳನ್ನು ಚನ್ನಪಟ್ಟಣದ ಕಾನ್ವೆಂಟಿಗೆ ಕಳಿಸಲು ಆಗಿನ ಕಾಲಕ್ಕೆ ದುಡ್ಡಿರಲಿಲ್ಲ ಎಂಬುದು ಹಳೇ ಸತ್ಯ. ದೂರಾಲೋಚನೆ ಮಾಡಿ ಕಳಿಸಲಿಲ್ಲ ಎಂಬುದು ಹೊಸ ಸತ್ಯ. ಮೂರನೇ ಕ್ಲಾಸಿಗೇ ಮಗನನ್ನು ವ್ಯಾನು ಹತ್ತಿಸಿ ಟೌನಿಗೆ ಕಳಿಸಿದ್ದ ಪಕ್ಕದ ಮನೆಯವನನ್ನು ಕಂಡಾಗಲೆಲ್ಲ, ‘ಎಂಥಾ ಕೋಟಾ ಕಳ್ಕೊಂಡ್ಬುಟ್ಟೆ ಕಣೋ’ ಎಂದು ಸಾವಿನ ಮನೆಯ ದನಿಯಲ್ಲಿ ಸಂತಾಪ ಹೇಳುತ್ತಾನೆ. ಅಕ್ಕೂರಿನ ಮಟ್ಟಿಗೆ ಕನ್ನಡ ಮಾಧ್ಯಮದ ಪರವಾಗಿ ಇಷ್ಟು ಭಾವುಕವಾಗಿ ಮಾತಾಡಿದವರು ಇನ್ನೊಬ್ಬರಿಲ್ಲ.

ಇಂಥವನ ನಿದ್ದೆ ಕೆಡಿಸಿದ್ದು ಸಚಿವ ಸಂಪುಟ. 2025ರ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಯ ಹೆಸರನ್ನು ‘ಬೆಂಗಳೂರು ದಕ್ಷಿಣ’ ಎಂದು ಬದಲಿಸಲು ಒಪ್ಪಿಗೆ ಸಿಕ್ಕಿತು. ಊರಿನವರು ಜಮೀನಿನ ರೇಟು ಏರುತ್ತದೆಂದು ಲೆಕ್ಕ ಹಾಕುತ್ತಿದ್ದರೆ ಈತ ನೀಲಿ ಫೈಲು ತಬ್ಬಿಕೊಂಡು ಕೂತ. ‘ಸರ್ಟಿಫಿಕೇಟಲ್ಲಿ ರಾಮನಗರ ಜಿಲ್ಲೆ ಅಂತೈತೆ. ಈಗ ನಾವು ಬೆಂಗಳೂರು. ಬೆಂಗಳೂರಿನೋರಿಗೆ ಗ್ರಾಮೀಣ ಕೋಟಾ ಯಾಕೆ ಅಂದ್ರೆ?’ ತಿಪ್ಪೆ ಇದ್ದಲ್ಲೇ ಇದೆ, ಹಸು ಇದ್ದಲ್ಲೇ ಇದೆ, ನಾವು ಮಾತ್ರ ರಾತ್ರೋರಾತ್ರಿ ಪೇಟೆಯವರಾದೆವೇ ಎಂಬ ಈ ಸಂಕಟಕ್ಕೆ ನಾಡಕಚೇರಿಯಲ್ಲಿ ಯಾವ ಅರ್ಜಿ ನಮೂನೆಯೂ ಇರಲಿಲ್ಲ.

ಪರೀಕ್ಷೆ ಮುಗಿದರೆ ಕೀ ಆನ್ಸರ್ ಪರ್ವ. ಕೋಚಿಂಗಿನವರ ಕೀ ಒಂದು, ಯೂಟ್ಯೂಬಿನ ಮೇಷ್ಟ್ರ ಕೀ ಇನ್ನೊಂದು, ಕೊನೆಗೆ ಕೆಇಎಯದು. ಮೂರಕ್ಕೂ ಬೇರೆಬೇರೆ ಮೊತ್ತ ಬರುತ್ತದೆ. ಈತ ಹೆಚ್ಚು ಬಂದದ್ದನ್ನು ನಂಬುತ್ತಾನೆ. ರೇಷ್ಮೆಗೂಡು ಮಾರಿದ ಚೀಟಿಯ ಹಿಂಬದಿಯಲ್ಲಿ ರ‍್ಯಾಂಕಿನ ಲೆಕ್ಕ ನಡೆಯುತ್ತದೆ: ಪಿಯುಸಿಯ ಮೂರು ವಿಷಯ ಸೇರಿ 300ಕ್ಕೆ 270 ಬಂದರೆ ಶೇ 90, ಸಿಇಟಿಯಲ್ಲಿ 180ಕ್ಕೆ 108 ಬಂದರೆ ಶೇ 60, ಎರಡರ ಅರ್ಧರ್ಧ ಸೇರಿಸಿದರೆ 75. 2024ರಲ್ಲಿ ಪಠ್ಯದಲ್ಲಿಲ್ಲದ ಪ್ರಶ್ನೆ ಕೇಳಿದರೆಂದು ಗಲಾಟೆಯಾಗಿ ಸುಮಾರು 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದಲೇ ಕೈಬಿಟ್ಟರಲ್ಲ, ಅಂದಿನಿಂದ ಅಪ್ಪಂದಿರಿಗೆ ಹೊಸದೊಂದು ಆಸೆ ಹುಟ್ಟಿದೆ. ಮಗಳು ತಪ್ಪು ಬರೆದ ಪ್ರಶ್ನೆಗಳೆಲ್ಲ ಸಿಲೆಬಸ್ಸಿನ ಹೊರಗಿನವೇ ಎಂದು ಈತ ಪ್ರಮಾಣ ಮಾಡಿ ಹೇಳಬಲ್ಲ. ‘ಅದು ನಾನೇ ಮರ್ತಿದ್ದಪ್ಪ, ಬುಕ್ಕಲ್ಲೈತೆ’ ಎಂದು ಮಗಳು ಒಪ್ಪಿಕೊಂಡರೂ ಬಿಡುವುದಿಲ್ಲ. ‘ನೀನ್ ಸುಮ್ನಿರು ಮಗ, ಆಬ್ಜೆಕ್ಷನ್ ಹಾಕಾನ’ ಎನ್ನುತ್ತಾನೆ.

ಫಲಿತಾಂಶ ಬಂದ ದಿನ ಒಂದು ಅನುಕೂಲವೂ ಇದೆ. ಸಿಇಟಿ ಒಂದೇ ಆದರೂ ರ‍್ಯಾಂಕು ಹಲವು: ಎಂಜಿನಿಯರಿಂಗ್‌ಗೊಂದು, ಕೃಷಿಗೊಂದು, ಪಶುವೈದ್ಯಕ್ಕೊಂದು, ಫಾರ್ಮಸಿಗೊಂದು, ಯೋಗ ಮತ್ತು ಪ್ರಕೃತಿ ಚಿಕಿತ್ಸೆಗೊಂದು. ಯಾರಿಗೆ ಯಾವುದನ್ನು ಹೇಳಬೇಕೆಂಬುದು ಈತನಿಗೆ ಚೆನ್ನಾಗಿ ಗೊತ್ತು. ಬೀಗರಿಗೆ ಇರುವುದರಲ್ಲೇ ಒಳ್ಳೆಯದು, ಸಾಲ ಕೊಟ್ಟವರಿಗೆ ಸಾಧಾರಣದ್ದು, ಫೀಸಿಗೆ ಸಹಾಯ ಕೇಳಬೇಕಾದ ಭಾಮೈದನಿಗೆ ಎಲ್ಲವೂ.

ಇಷ್ಟೆಲ್ಲದರ ನಡುವೆ ಈತನ ಮನಸ್ಸಿನಲ್ಲಿರುವುದು ಒಂದೇ, ಕಂಪ್ಯೂಟರ್ ಸೈನ್ಸು. ಬಿಡದಿ ದಾಟಿದರೆ ಬೆಂಗಳೂರು, ಬೆಂಗಳೂರು ಎಂದರೆ ಎಸಿ ರೂಮು. ಕೃಷಿ ಎನ್ನುವುದು ‘ಸೇಫ್ಟಿಗೆ’. ರೈತರ ಮಕ್ಕಳಿಗೆ ಕೃಷಿ ಪದವಿಯ ಅರ್ಧದಷ್ಟು ಸೀಟು ಮೀಸಲಿದೆ, ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಪಹಣಿ ಹೇಗೂ ಫೈಲಿನಲ್ಲಿದೆ, ಬಿಡುವುದೇಕೆ? ಆ ಪರೀಕ್ಷೆಯಲ್ಲಿ ಬೀಜ, ಗೊಬ್ಬರ, ಉಪಕರಣ ಮುಂದಿಟ್ಟು ಗುರುತಿಸಿ ಎನ್ನುತ್ತಾರೆಂದು ತಿಳಿದದ್ದೇ ತಡ, ಎರಡು ವರ್ಷ ಬಾಗಿಲಾಚೆ ನಿಂತಿದ್ದ ಅಪ್ಪನಿಗೆ ಕೊನೆಗೂ ತನ್ನ ಸಬ್ಜೆಕ್ಟು ಸಿಕ್ಕಿತು. ಜಗಲಿಯೇ ಲ್ಯಾಬು. ಮೊರದಲ್ಲಿ ಹುರುಳಿ, ತೊಗರಿ, ಅಲಸಂದೆ, ಹುಚ್ಚೆಳ್ಳು, ಹರಳು. ಗೋಡೆಗೆ ಕುಂಟೆ, ಕೂರಿಗೆ, ಕುಡುಗೋಲು. ಮಗಳು ಯೂರಿಯಾ ನೋಡಿ ಸಕ್ಕರೆ ಎಂದು ತಮಾಷೆ ಮಾಡಿದಾಗ ಈತನ ಎದೆ ಧಸಕ್ಕೆಂದಿತು. ಅಜ್ಜಿ ಬಂದು, ‘ಇದ್ಯಾವ ಪರೀಕ್ಸೆ ಬುಡ್ಲಾ, ಕಣ್ ಮುಚ್ಕೊಂಡು ಮೂಸಿ ಯೋಳ್ತೀನಿ’ ಎಂದು ಹೇಳಿದಂತೆಯೇ ಮಾಡಿ ತೋರಿಸಿದಳು. ರಾಜ್ಯಕ್ಕೇ ಮೊದಲ ರ‍್ಯಾಂಕು ಬರಬಹುದಾದವಳು ನಮ್ಮ ಮನೆಯಲ್ಲಿ ತಪ್ಪು ಕಾಲದಲ್ಲಿ ಹುಟ್ಟಿದಳು ಎಂದು ಈತ ಈಗಲೂ ಕೊರಗುತ್ತಾನೆ.

ಆಮೇಲೆ ಆಪ್ಷನ್ ಎಂಟ್ರಿ. ಹೆಣ್ಣು ನೋಡಲು ಹೋದಾಗಲೂ ಇಷ್ಟು ವಿಚಾರಿಸಿರಲಿಲ್ಲ. ಬೆಂಗಳೂರಿನ ದೊಡ್ಡ ಕಾಲೇಜುಗಳೆಲ್ಲ ಮೇಲೆ, ಮಂಡ್ಯ ನಡುವೆ, ರಾಮನಗರದ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಆಮೇಲೆ. ಪಟ್ಟಿ ಉದ್ದವಿದ್ದಷ್ಟೂ ಸೀಟು ಗಟ್ಟಿ ಎಂದು ಯಾರೋ ಹೇಳಿದ್ದರಿಂದ ಕೊನೆಯಲ್ಲಿ ಕಣ್ಣು ಮುಚ್ಚಿಕೊಂಡು ಒಂದಷ್ಟು ಸೇರಿಸಿದ. ಅಣಕು ಸೀಟು ಹಂಚಿಕೆ ಬಂದಾಗ ಆ ಬಾಲದಲ್ಲಿದ್ದುದೇ ಎದ್ದು ಕೂತಿತ್ತು: ಬಿಎಸ್‌ಸಿ ರೇಷ್ಮೆ ಕೃಷಿ, ಚಿಂತಾಮಣಿ.

ಈತ ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ನೋಡಿದ. ‘ಹುಳ ಮೇಯ್ಸೋದ ಕಲಿಯಕ್ಕೆ ನಾಕು ವರ್ಷ ಚಿಂತಾಮಣಿಗಾ? ನಮ್ಮ ಹಟ್ಟೀಲಿ ಫೀಸಿಲ್ದೆ ಕಲಿಸ್ತೀನಲ್ಲ!’ ಕೆಇಎ ತನ್ನನ್ನೇ ಅಣಕಿಸುತ್ತಿದೆ ಎಂದು ಆಗ ಅನ್ನಿಸಿತು. ಪಟ್ಟಿ ತಿದ್ದಿದ. ಮೊದಲ ಸುತ್ತಿನಲ್ಲೂ ಸಿಕ್ಕಿದ್ದು ಅದೇ.

ಸೀಟು ಸಿಕ್ಕ ಮೇಲೆ ಕೆಇಎ ನಾಲ್ಕು ಚಾಯ್ಸ್ ಕೊಡುತ್ತದೆ. ಒಂದು: ತೃಪ್ತಿ ಇದೆ, ಸೇರುತ್ತೇನೆ. ಎರಡು: ತೃಪ್ತಿ ಇದೆ, ಆದರೆ ಇನ್ನೂ ಮೇಲಿನದು ಬೇಕು. ಮೂರು: ತೃಪ್ತಿ ಇಲ್ಲ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು: ನನಗೆ ಏನೂ ಬೇಡ. ಮನುಷ್ಯರ ಸ್ವಭಾವವನ್ನು ಇಷ್ಟು ಚೊಕ್ಕಟವಾಗಿ ನಾಲ್ಕು ಸಾಲಿನಲ್ಲಿ ವಿಂಗಡಿಸಿದ ಇಲಾಖೆ ಬೇರೆ ಇರಲಾರದು. ಅಕ್ಕೂರಿನ ತಾಯಂದಿರು ಸಾಮಾನ್ಯವಾಗಿ ಒಂದು. ಅಜ್ಜಿಯರು ಮೂರು. ಒಂದು ವರ್ಷ ಮನೆಯಲ್ಲಿ ಕೂತು ನೀಟ್‌ಗೆ ಓದುತ್ತೇನೆ ಎನ್ನುವ ಹುಡುಗರು ನಾಲ್ಕು. ಅಪ್ಪಂದಿರು ಹುಟ್ಟಿನಿಂದಲೇ ಎರಡು.

ಹೀಗಿರುವಾಗ ಒಂದು ದಿನ ಈತ ಗೂಡು ತುಂಬಿಕೊಂಡು ರಾಮನಗರದ ಮಾರ್ಕೆಟ್ಟಿಗೆ ಹೋಗಿದ್ದ. ಹರಾಜಿನ ಗದ್ದಲದಲ್ಲಿ ಮಗಳ ಫೋನು: ‘ಅಪ್ಪ, ಒಂದು ಓಟಿಪಿ ಬಂದಿರುತ್ತೆ, ಹೇಳು.’ ಬ್ಯಾಂಕಿನವರು ಕೇಳಿದರೂ ಓಟಿಪಿ ಹೇಳಬೇಡಿ ಎಂದು ಊರಿಗೆಲ್ಲ ಪಾಠ ಮಾಡಿದ್ದ ಮಹಾನುಭಾವ ಬಿಡಿಬಿಡಿಯಾಗಿ, ಎರಡು ಸಲ ಓದಿ ಹೇಳಿದ. ಹೇಳಿಯಾದ ಮೇಲೆ ಕೇಳಿದ:

‘ಯಾಕ್ ಮಗ?’

‘ಚಾಯ್ಸ್ ಒಂದು ಕೊಟ್ಟೆ.’

ಸಂಜೆ ಮನೆಯಲ್ಲಿ ಕುರುಕ್ಷೇತ್ರವಾಗಬೇಕಿತ್ತು. ಆಗಲಿಲ್ಲ. ಮಗಳು ಕೇಳಿದ ಒಂದೇ ಪ್ರಶ್ನೆಗೆ ಈತನ ಬಾಯಿ ಕಟ್ಟಿತು. ‘ಹೋದ ಬೆಳೆಗೆ ಹಾಲುತೊಂಡೆ ರೋಗ ಬಂದು ಹಣ್ಣಾಗೋ ಹುಳಾನೆಲ್ಲ ಗುಂಡಿಗೆ ಸುರಿದ್ಯಲ್ಲಪ್ಪ, ಅದು ಯಾಕ್ ಬಂತು, ಹೆಂಗೆ ಹಬ್ತು ಅಂತ ಗೊತ್ತಾ ನಿಂಗೆ?’ ಎಂಬತ್ತು ಸೆಕೆಂಡು ಕಳೆಯಿತು. ಉತ್ತರ ಬರಲಿಲ್ಲ. ಒಳಗಿನಿಂದ ಹೆಂಡತಿ, ‘ಈಗ ಆಬ್ಜೆಕ್ಷನ್ ಹಾಕಿ’ ಎಂದಳು.

ಈಗ ಟೀ ಅಂಗಡಿಯಲ್ಲಿ ಈತನ ಸುತ್ತ ಮುಂದಿನ ವರ್ಷದ ಅಪ್ಪಂದಿರು ಸೇರುತ್ತಾರೆ. ರೇಷ್ಮೆ ಕೃಷಿಯ ಕಟ್-ಆಫ್ ಎಷ್ಟು, ಚಿಂತಾಮಣಿಯಲ್ಲಿ ಹಾಸ್ಟೆಲ್ ಹೇಗಿದೆ, ರೇಷ್ಮೆ ಇಲಾಖೆಯಲ್ಲಿ ಯಾವ ಹುದ್ದೆಗೆ ಏನು ಓದಿರಬೇಕು, ಎಲ್ಲಕ್ಕೂ ಉತ್ತರ ಸಿದ್ಧ. ಕಂಪ್ಯೂಟರ್ ಸೈನ್ಸ್ ಎಂದವನಿಗೆ, ‘ಎಲ್ರೂ ಕಂಪ್ಯೂಟರ್ ಕುಟ್ತಾ ಕೂತ್ರೆ ಸೀರೆ ಎಲ್ಲಿಂದ ಬತ್ತದೆ?’ ಎಂದು ತಾನೇ ಮೊದಲಿನಿಂದ ಅಂದುಕೊಂಡಿದ್ದವನಂತೆ ಕೇಳುತ್ತಾನೆ. ಕೊನೆಗೆ ಯಾರೋ ಒಬ್ಬರು ಕೇಳಿದರು: ‘ಅಂತೂ ಮಗಳ ಸೀಟು ನಿಂಗೆ ತೃಪ್ತಿಯಾಯ್ತು ಅನ್ನು.’

ಈತ ಟೀ ಲೋಟ ಕೆಳಗಿಟ್ಟು ದನಿ ತಗ್ಗಿಸಿದ.

‘ತೃಪ್ತಿ ಏನೋ ಐತೆ ಕಣಣ್ಣ. ಆದ್ರೂ ಎರಡನೇ ರೌಂಡ್ಗೆ ಇದ್ದಿದ್ರೆ...’