ಎಂಟು ಮೂಲೆಯ ಬಾವಿ

ಬೇಗೂರಿನಲ್ಲಿ ಮನೆ ಪ್ಲಾನು ಬರೆದು ಹೊಟ್ಟೆ ಹೊರೆಯುವವನ ಕಂಪ್ಯೂಟರಿಗೆ ಕಾಯಿಲೆ ಬಂದರೆ ವೈದ್ಯರಿಗೆ ಬರವಿಲ್ಲ. ಒಂದು ಕಡೆ ಎಲೆಕ್ಟ್ರಾನಿಕ್ ಸಿಟಿ, ಇನ್ನೊಂದು ಕಡೆ ಬೊಮ್ಮನಹಳ್ಳಿ. ನಡುವಿನ ಗಲ್ಲಿಗಳಲ್ಲಿ ಬಾಡಿಗೆಗಿರುವ ಅರ್ಧ ಜನ ಕೊರಳಲ್ಲಿ ಕಂಪನಿಯ ಐಡಿ ಕಾರ್ಡು ನೇತುಹಾಕಿಕೊಂಡೇ ಹಾಲು ತರುವವರು. ಪರದೆಯ ಮೇಲೆ ಗೆರೆ ಸರಿಯಾಗಿ ಕಾಣುತ್ತಿಲ್ಲ ಎಂದು ಬಾಯಿ ತಪ್ಪಿ ಅಂದರೆ ಸಾಕು. ಮಹಡಿಯ ಹುಡುಗ ಮೆಟ್ಟಿಲಿಳಿಯುತ್ತಲೇ "ಡ್ರೈವರ್ ಅಪ್‌ಡೇಟ್ ಮಾಡಿ ಅಂಕಲ್" ಎನ್ನುತ್ತಾನೆ. ಎದುರು ಮನೆಯವರು "ರ‍್ಯಾಮ್ ಜಾಸ್ತಿ ಹಾಕ್ಸಿ ಸಾರ್" ಎನ್ನುತ್ತಾರೆ. ಎಸ್.ಪಿ. ರಸ್ತೆಯ ಅಂಗಡಿಯ ಹುಡುಗ ನನ್ನ ಮಾತು ಮುಗಿಯುವ ಮೊದಲೇ ಗ್ರಾಫಿಕ್ಸ್ ಕಾರ್ಡಿನ ಡಬ್ಬಿ ಕೆಳಗಿಳಿಸಿ ಧೂಳು ಒರೆಸುತ್ತಾನೆ. ನನ್ನ ಬಾಮೈದನದು ಇನ್ನೂ ಚಿಕ್ಕ ಚೀಟಿ: "ಫಾರ್ಮ್ಯಾಟ್ ಹೊಡೆದುಬಿಡಿ ಭಾವ." ಲೋಕದ ಸಕಲ ಕಷ್ಟಗಳಿಗೂ ಅವನ ಮದ್ದು ಇದೊಂದೇ. ಅವನಿಗೆ ಹೆಣ್ಣು ಕೊಡುವವರು ಇದನ್ನು ತಿಳಿದಿರುವುದು ಒಳ್ಳೆಯದು.

ನಾನು ಡ್ರಾಯಿಂಗ್ ಬೋರ್ಡಿನ ಕಾಲದವನು. ಟ್ರೇಸಿಂಗ್ ಹಾಳೆಯ ಮೇಲೆ ರೋಟ್ರಿಂಗ್ ಪೆನ್ನಿನಲ್ಲಿ ಎಳೆದ ಗೆರೆ ಎಳೆದಲ್ಲೇ ಇರುತ್ತಿತ್ತು. ಬೇಡವಾದರೆ ಬ್ಲೇಡಿನಲ್ಲಿ ಕೆರೆಯಬೇಕಿತ್ತು. ಹಾಳೆ ತೂತಾದರೆ ಮೇಷ್ಟ್ರು ನಮ್ಮನ್ನು ಕೆರೆಯುತ್ತಿದ್ದರು. 1982ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಹುಟ್ಟಿದ ಆಟೋಕ್ಯಾಡ್ ನನ್ನ ಮೇಜಿಗೆ ಬರುವ ಹೊತ್ತಿಗೆ ನನ್ನ ಕೈಗೆ ಟಿ-ಸ್ಕ್ವೇರಿನ ಗಂಟು ಬಿದ್ದಾಗಿತ್ತು. ಆದರೂ ಕಲಿತೆ. ಪರದೆಯ ಉಪದ್ರವಗಳನ್ನೂ ಕಲಿತೆ. ಕರ್ಸರ್ ಹೋದಲ್ಲೆಲ್ಲ ಬಾಲ ಬಿಟ್ಟರೆ, ಹ್ಯಾಚ್ ಮಾಯವಾದರೆ, ಗ್ರಾಫಿಕ್ಸ್‌ಕಾನ್ಫಿಗ್ ಎಂದು ಹೊಡೆದು ಹಾರ್ಡ್‌ವೇರ್ ಆಕ್ಸೆಲರೇಶನ್ ಆರಿಸಿ ನೋಡುವುದು. ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಚಿಪ್ ಇದ್ದು ಬಡಪಾಯಿ ಚಿಪ್ಪೇ ದುಡಿಯುತ್ತಾ ಬಲಶಾಲಿ ಮಲಗಿದ್ದರೆ, ವಿಂಡೋಸ್ ಸೆಟ್ಟಿಂಗಿಗೆ ಹೋಗಿ ಬಲಶಾಲಿಯನ್ನು ಎಬ್ಬಿಸುವುದು. ಇಷ್ಟು ಬಂದರೆ ಮುಕ್ಕಾಲು ಕಾಯಿಲೆ ವಾಸಿ. ಉಳಿದ ಕಾಲು ಭಾಗ ಕಾಯಿಲೆಯೇ ಅಲ್ಲ, ಪರದೆಯ ಸ್ವಭಾವ. ಈ ಸ್ವಭಾವದಿಂದಲೇ ಬಾವಿಯ ಪ್ರಸಂಗ ನಡೆದದ್ದು.

ಪರದೆ ಎಂದೂ ವೃತ್ತ ಬರೆಯುವುದಿಲ್ಲ. ಚಿಕ್ಕ ಚಿಕ್ಕ ನೇರ ಗೆರೆಗಳನ್ನು ಸುತ್ತ ಜೋಡಿಸಿ, ನಾವು ದುಂಡಗಿದೆ ಎಂದುಕೊಳ್ಳಲಿ ಎಂದು ಸುಮ್ಮನಾಗುತ್ತದೆ. ಎಷ್ಟು ಗೆರೆ ಜೋಡಿಸಬೇಕೆಂಬುದಕ್ಕೆ ವ್ಯೂರೆಸ್ ಎಂಬ ಅಳತೆಯಿದೆ. 1ರಿಂದ 20,000ದವರೆಗೆ ಏನು ಬೇಕಾದರೂ ಇಡಬಹುದು, ಕಂಪನಿ ಇಟ್ಟು ಕಳಿಸುವುದು 1,000. ಇಡೀ ನಕ್ಷೆ ಕಾಣುವಾಗ ಕಾಳಿನಷ್ಟಿರುವ ವೃತ್ತಕ್ಕೆ ಅದು ಕೆಲವೇ ಗೆರೆ ಖರ್ಚು ಮಾಡುತ್ತದೆ. ಆಮೇಲೆ ಮೌಸ್ ಚಕ್ರ ತಿರುಗಿಸಿ ಹತ್ತಿರ ಹೋದರೆ ಆ ಗೆರೆಗಳೇ ಊದಿಕೊಂಡು ವೃತ್ತಕ್ಕೆ ಮೂಲೆ ಬರುತ್ತವೆ. ಆರ್, ಇ, ಎಂಟರ್ ಒತ್ತಿದರೆ ರೀಜೆನ್ ಆಗಿ ಮತ್ತೆ ದುಂಡಗೆ. ಫೈಲಿನೊಳಗೆ ಇರುವುದು ಕೇಂದ್ರ ಮತ್ತು ತ್ರಿಜ್ಯ, ಅಷ್ಟೇ. ಅಲ್ಲಿ ಮೂಲೆಯ ಮಾತೇ ಇಲ್ಲ.

ಇದು ನನಗೆ ಗೊತ್ತಿತ್ತು. ಮನೆ ಪ್ಲಾನು ಬರೆಸಲು ಬಂದ ನಮ್ಮೂರ ಗೌಡರಿಗೆ ಗೊತ್ತಿರಲಿಲ್ಲ. ಅವರ ಜೊತೆ ಬಂದ ಜೋಯಿಸರಿಗೆ ಗೊತ್ತಾಗುವುದು ಬೇಕಿರಲಿಲ್ಲ.

ಗೌಡರದು ನಲವತ್ತು-ಅರವತ್ತರ ಸೈಟು. 2009ರಲ್ಲಿ ಜಲಮಂಡಳಿಯ ಕಾನೂನಿಗೆ ತಿದ್ದುಪಡಿ ಬಂದು ಮಳೆ ನೀರು ಕೊಯ್ಲು ಕಡ್ಡಾಯವಾದ ಮೇಲೆ ಇಂಥ ಸೈಟುಗಳ ಪ್ಲಾನಿನಲ್ಲಿ ಸಾಮಾನ್ಯವಾಗಿ ಒಂದು ಇಂಗುಬಾವಿ ಇರುತ್ತದೆ. ಮೂರಡಿ ಅಗಲದ ಸಿಮೆಂಟ್ ರಿಂಗ್ ಇಳಿಸಿದರೆ ಆಯಿತು. ಈಶಾನ್ಯದಲ್ಲಿ ಅದನ್ನು ಹಾಕಿ ಜೋಯಿಸರಿಗೆ ಹತ್ತಿರದಿಂದ ತೋರಿಸೋಣವೆಂದು ಚಕ್ರ ತಿರುಗಿಸಿದೆ. ಬಾವಿ ದೊಡ್ಡದಾಗುತ್ತಾ ಬಂದು, ಎಂಟು ಮೂಲೆ ಮಾಡಿಕೊಂಡು ಪರದೆಯ ತುಂಬ ಕೂತಿತು. ನಾನು ಆರ್ ಒತ್ತಲು ಬೆರಳು ಚಾಚಿದ್ದೆ, ಅಷ್ಟರಲ್ಲಿ ಜೋಯಿಸರು ಕನ್ನಡಕ ಮೇಲೇರಿಸಿದರು.

"ಅಷ್ಟಕೋನ!" ಎಂದರು. "ಯಾರು ಹೇಳಿಕೊಟ್ಟರು ನಿಮಗೆ?"

ನಾನು ಮೌನವಾಗಿದ್ದೆ. ಮೌನವನ್ನು ಅವರು ವಿನಯವೆಂದು ತಿಳಿದರು. ಪೆನ್ನು ತೆಗೆದು ಪರದೆಯ ಗಾಜಿನ ಮೇಲೇ ಒಂದೊಂದು ಮೂಲೆಯನ್ನೂ ಕುಕ್ಕುತ್ತಾ ದೇವತೆಗಳನ್ನು ಕೂರಿಸತೊಡಗಿದರು. ಪೂರ್ವಕ್ಕೆ ಇಂದ್ರ. ಆಗ್ನೇಯಕ್ಕೆ ಅಗ್ನಿ. ದಕ್ಷಿಣಕ್ಕೆ ಯಮ. ಗೌಡರು ಒಂದೊಂದಕ್ಕೂ ಕೈಮುಗಿಯುತ್ತಾ ಬಂದರು; ಯಮನಿಗೆ ಸ್ವಲ್ಪ ಹೆಚ್ಚು ಹೊತ್ತು ಮುಗಿದರು. ನೈರುತ್ಯಕ್ಕೆ ನಿರೃತಿ, ಪಶ್ಚಿಮಕ್ಕೆ ವರುಣ, ವಾಯವ್ಯಕ್ಕೆ ವಾಯು, ಉತ್ತರಕ್ಕೆ ಕುಬೇರ. ಕುಬೇರನ ಮೂಲೆ ಕೊಂಚ ಚಿಕ್ಕದಾಗಿ ಕಾಣುತ್ತಿದೆಯಲ್ಲ ಎಂದು ಗೌಡರು ಬಗ್ಗಿ ನೋಡಿದರು. ಕೊನೆಗೆ ಈಶಾನ. "ಮೊದಲ ಮೂಲೆ ನೆಟ್ಟಗೆ ಪೂರ್ವದಿಂದಲೇ ಹೊರಟಿದೆ ನೋಡಿ, ನಿಮ್ಮ ಕಂಪ್ಯೂಟರಿಗೆ ಶಾಸ್ತ್ರ ತಿಳಿದಿದೆ" ಎಂದು ಜೋಯಿಸರು ತಲೆದೂಗಿದರು. ಆಟೋಕ್ಯಾಡಿನಲ್ಲಿ ಸೊನ್ನೆ ಡಿಗ್ರಿ ಎಂದರೆ ಪೂರ್ವವೇ. ಅಷ್ಟರ ಮಟ್ಟಿಗೆ ಅವರ ಮಾತು ಸರಿ. ಅಲ್ಲಿಂದ ಅದು ಎಣಿಸುತ್ತಾ ಹೋಗುವುದು ಅಪ್ರದಕ್ಷಿಣವಾಗಿ ಎಂಬುದನ್ನು ನಾನು ಹೇಳಲಿಲ್ಲ. ಎಂಟು ದೇವತೆಗಳು ಹಿಮ್ಮುಖ ನಡೆಯುವುದನ್ನು ಊಹಿಸಿಕೊಂಡೇ ನನಗೆ ನಗು ತಡೆಯುವುದು ಕಷ್ಟವಾಗಿತ್ತು.

ಅಷ್ಟರಲ್ಲಿ ಅಭ್ಯಾಸಬಲದಿಂದ ನನ್ನ ಎಡಗೈ ತನ್ನ ಪಾಡಿಗೆ ತಾನು ಆರ್, ಇ ಒತ್ತಿ ಎಂಟರನ್ನೂ ಒತ್ತಿಬಿಟ್ಟಿತು. ಅಷ್ಟದಿಕ್ಪಾಲಕರು ಏಕಕಾಲಕ್ಕೆ ಜಾಗ ಖಾಲಿ ಮಾಡಿದರು.

"ಏನ್ ಸಾರ್ ಮಾಡುದ್ರಿ?" ಎಂದರು ಗೌಡರು. "ಮೂಲೆಗಳು ಎಲ್ಲೋದ್ವು?"

"ಗೌಡ್ರೆ, ಬಾವಿ ಇರೋದೇ ದುಂಡಗೆ. ಮೂಲೆ ಸುಮ್ಮನೆ ಹಾಗೆ ಕಾಣ್ತಿತ್ತು."

"ಕಾಣ್ತಿತ್ತು ಅಂದ್ಮೇಲೆ ಇತ್ತು. ಬೆಂಗಳೂರು ಅನ್ನೋ ಹೆಸರು ಮೊದಲು ಕಂಡಿದ್ದೇ ನಮ್ಮೂರ ಕಲ್ಲಿನ ಮೇಲೆ. ಅದೂ ಸುಮ್ನೆ ಕಾಣ್ತೈತಾ?"

ಶಾಸನದ ಮುಂದೆ ಏನು ವಾದ ಮಾಡುವುದು? ನಾಗೇಶ್ವರನ ಗುಡಿಯ ವೀರಗಲ್ಲಿನಲ್ಲಿ ಬೆಂಗಳೂರಿನ ಕಾಳಗದ ಮಾತಿರುವುದು ನಿಜ, ಸುಮಾರು ಕ್ರಿ.ಶ. 890ರದು. ಹನ್ನೊಂದು ಶತಮಾನ ಕಳೆದರೂ ಅದರ ಅಕ್ಷರಗಳನ್ನು ಯಾರೂ ರೀಜೆನ್ ಮಾಡಬೇಕಾಗಿ ಬಂದಿಲ್ಲ. ನನ್ನ ವೃತ್ತ ಒಂದು ನಿಮಿಷ ದುಂಡಗಿರಲು ಒದ್ದಾಡುತ್ತದೆ.

ಮೂಲೆಗಳನ್ನು ವಾಪಸು ತರಿಸಿಕೊಡಬೇಕೆಂದು ಗೌಡರು ಪಟ್ಟು ಹಿಡಿದರು. ತಂದೆ. ಇಡೀ ಸೈಟು ಚುಕ್ಕೆಯಾಗುವಷ್ಟು ದೂರ ಸರಿದು, ಅಲ್ಲಿ ರೀಜೆನ್ ಹೊಡೆದು, ಮತ್ತೆ ಹತ್ತಿರ ಬಂದೆ. ದೇವತೆಗಳು ತಮ್ಮ ತಮ್ಮ ಸ್ಥಾನದಲ್ಲಿದ್ದರು. ಪರದೆ ಕೆಟ್ಟು ಕಾಣುವುದನ್ನು ಸರಿಪಡಿಸಿ ಕಾಸು ಗಳಿಸಿದವರು ಬೇಕಾದಷ್ಟಿದ್ದಾರೆ, ಕೆಟ್ಟು ಕಾಣುವಂತೆ ಮಾಡಿ ದಕ್ಷಿಣೆ ಪಡೆದವನು ಈ ಹೋಬಳಿಯಲ್ಲಿ ನಾನೊಬ್ಬನೇ ಇರಬೇಕು. ಪಾಲಿಗನ್ ಎಂಬ ಆಜ್ಞೆಯಲ್ಲಿ ನಿಜವಾದ ಅಷ್ಟಕೋನವನ್ನೇ ಬರೆದುಕೊಡಬಹುದಿತ್ತು. ಆದರೆ ಮೇಸ್ತ್ರಿಗೆ ಹೋಗುವ ಹಾಳೆಯಲ್ಲಿ ಸುಳ್ಳು ಬರೆಯಲು ಕೈ ಏಳಲಿಲ್ಲ. ಕಣ್ಣಿಗೆ ಎಂಟು ಮೂಲೆ, ಕಡತಕ್ಕೆ ವೃತ್ತ: ಇಷ್ಟು ರಾಜಿ ಸಾಕೆನಿಸಿತು.

ರಾಜಿ ಮುರಿದದ್ದು ಪ್ರಿಂಟ್ ಅಂಗಡಿಯಲ್ಲಿ. ಪ್ಲಾಟರ್ ಪರದೆಯ ಮೂಲೆಗಳನ್ನು ಕೇಳುವುದಿಲ್ಲ, ಕೇಂದ್ರ ಮತ್ತು ತ್ರಿಜ್ಯವನ್ನೇ ಕೇಳುತ್ತದೆ. ಬಾವಿ ಅಚ್ಚುಕಟ್ಟಾಗಿ ದುಂಡಗೆ ಬಂತು. ಪ್ರಿಂಟಿನವನು ಮೂಲೆ ಹೊಡೆದ ಎಂದು ಗೌಡರು ಅವನಿಗೆ ಫೋನಿನಲ್ಲೇ ಬೈದರು. ಶಾಯಿ ಉಳಿಸುವುದಕ್ಕೆ ಹೀಗೆ ಮಾಡುತ್ತಾರಂತೆ. ಸಿಮೆಂಟ್ ರಿಂಗುಗಳೂ ದುಂಡಗೇ ಬಂದವು. ಜೋಯಿಸರು ಧೃತಿಗೆಡದೆ ಸುತ್ತ ಎಂಟು ಕಡೆ ಅರಿಶಿನ ಕುಂಕುಮ ಇಟ್ಟು ಕೆಲಸ ಮುಗಿಸಿದರು. ಅದು ಎಲ್ಲ ಡ್ರೈವರ್ ಅಪ್‌ಡೇಟಿಗಿಂತ ಚೆನ್ನಾಗಿ ಕೆಲಸ ಮಾಡಿತು. ಮುಗಿಯದ್ದು ನನ್ನದೇ. ಮನೆಯಲ್ಲಿ ರಾತ್ರಿ ಆ ಫೈಲು ತೆರೆದು ಮೂಲೆ ಬರಿಸುವುದು, ಓಡಿಸುವುದು, ಮತ್ತೆ ಬರಿಸುವುದು. "ರೀ, ಆ ಬಾವೀಲಿ ಇನ್ನೂ ನೀರು ಬರ್ಲಿಲ್ವಾ?" ಎಂದು ಹೆಂಡತಿ ಕೇಳಿದ ಮೇಲೆ ನಿಂತಿತು.

ಇಷ್ಟಕ್ಕೆ ನಿಂತಿದ್ದರೆ ನಗುತ್ತಲೇ ಇರುತ್ತಿದ್ದೆ. ಕೆರೆಯಂಚಿನ ಬಡಾವಣೆಯಿಂದ ಇನ್ನೊಬ್ಬರು ಬಂದರು. ಬೊಮ್ಮನಹಳ್ಳಿಯ ಗಾರ್ಮೆಂಟಿನಲ್ಲಿ ದುಡಿದು ಕಟ್ಟಿಸಿದ ಮನೆ. ಸರ್ವೆ ಮಾಡಿಸಿದ ಫೈಲನ್ನು ಪೆನ್‌ಡ್ರೈವಿನಲ್ಲಿ ತಂದಿದ್ದರು. ತೆರೆದರೆ ಕೆರೆಯ ಸುತ್ತ ಏನೂ ಕಟ್ಟಬಾರದೆಂಬ ಮೀಸಲು ಗೆರೆ ಅವರ ಕಾಂಪೌಂಡ್ ಗೋಡೆಯ ಬಳಿ ನಡುಗುತ್ತಿತ್ತು. ಸ್ವಲ್ಪ ಸರಿಸಿದರೆ ಗೋಡೆಯ ಒಳಗೆ, ಇನ್ನು ಸ್ವಲ್ಪ ಸರಿಸಿದರೆ ಹೊರಗೆ. ಅವರು ಪರದೆಯಿಂದ ಕಣ್ಣು ಕೀಳಲಿಲ್ಲ.

ಕಾರಣ ಗೊತ್ತಿದ್ದದ್ದೇ. ಸರ್ವೆಯವರು ನೆಲವನ್ನು ಅಳೆಯುವುದು ಯುಟಿಎಂ ಲೆಕ್ಕದಲ್ಲಿ. ನಮ್ಮದು 43ನೇ ವಲಯ. ಅದರ ಸೊನ್ನೆ-ಸೊನ್ನೆ ಇರುವುದು ಭೂಮಧ್ಯರೇಖೆಯ ಮೇಲೆ, ಮಾಲ್ಡೀವ್ಸ್‌ಗಿಂತಲೂ ಪಶ್ಚಿಮಕ್ಕೆ, ನಡುಗಡಲಿನಲ್ಲಿ. ಅಲ್ಲಿಂದ ಬೇಗೂರು ಪೂರ್ವಕ್ಕೆ 7,80,000 ಮೀಟರ್ ಚಿಲ್ಲರೆ, ಉತ್ತರಕ್ಕೆ 14,20,000 ಮೀಟರಿಗೂ ಹೆಚ್ಚು. ಆಟೋಕ್ಯಾಡ್ ತನ್ನ ಕಡತದಲ್ಲಿ ಹದಿನೈದು ಅಂಕಿಯವರೆಗೆ ನೆನಪಿಟ್ಟುಕೊಳ್ಳುತ್ತದೆ. ಪರದೆಗೆ ಬರೆಯುವ ಗ್ರಾಫಿಕ್ಸ್ ಕಾರ್ಡಿಗೆ ಸಾಮಾನ್ಯವಾಗಿ ಏಳಂಕಿಯಷ್ಟೇ ಜ್ಞಾಪಕ. ಈ ಫೈಲು ಮಿಲಿಮೀಟರಿನಲ್ಲಿತ್ತು, ಅಂದರೆ ಉತ್ತರದ ಸಂಖ್ಯೆ 142 ಕೋಟಿಯ ಮೇಲೆ. ಅಷ್ಟು ದೊಡ್ಡ ಸಂಖ್ಯೆಯಲ್ಲಿ ಏಳಂಕಿಯವನ ಒಂದು ಹೆಜ್ಜೆ ಎಂದರೆ 128 ಮಿಲಿಮೀಟರ್. ಅರ್ಧ ಗೇಣಿಗಿಂತ ಕಡಿಮೆ ಇಡಲು ಅವನಿಗೆ ಬಾರದು. ಅದಕ್ಕೇ ಗೆರೆ ಹಾರುತ್ತಿತ್ತು. ಮೂಲ ಬಿಂದುವಿನ ಸಂಖ್ಯೆಯನ್ನು ಕ್ಯಾಲೆಂಡರಿನ ಮೇಲೆ ಬರೆದಿಟ್ಟುಕೊಂಡು, ಇಡೀ ಜಮೀನನ್ನು ಎತ್ತಿ ಸೊನ್ನೆಯ ಹತ್ತಿರ ತಂದಿಟ್ಟೆ. ಗೆರೆ ನಿಂತಿತು. ಗೋಡೆಯ ಹೊರಗೇ ನಿಂತಿತು.

"ಇದು ಕಂಪ್ಯೂಟರ್ ತೋರಿಸಿದ್ದಷ್ಟೇ. ತಾಲ್ಲೂಕು ಕಚೇರಿಗೆ ಹದ್ದುಬಸ್ತಿಗೆ ಅರ್ಜಿ ಹಾಕಿ, ಕಲ್ಲು ನೆಡಿಸಿಕೊಳ್ಳಿ" ಎಂದೆ.

ಅವರು ನಗಲಿಲ್ಲ. "ಸಾರ್, 2016ರಲ್ಲಿ ಹಸಿರು ನ್ಯಾಯಮಂಡಳಿಯವರು ಕೆರೆಯಿಂದ 75 ಮೀಟರ್ ಅಂದ್ರು. ನಾವು ಗೆರೆ ಒಳಗಿದ್ವಿ. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನ ತೆಗೆದುಹಾಕ್ತು, ಮಾಸ್ಟರ್ ಪ್ಲಾನಿನ 30 ಮೀಟರೇ ಉಳೀತು. ಆಚೆ ಬಂದ್ವಿ. ಮೂರು ವರ್ಷ ನನ್ನ ಹೆಂಡ್ತಿ ಆ ಗೋಡೆಗೆ ಸುಣ್ಣ ಹೊಡೆಸಕ್ಕೂ ಬಿಡ್ಲಿಲ್ಲ."

ನನ್ನ ಪರದೆ ಗೆರೆಯನ್ನು ಕುಣಿಸಿದ್ದು ಅರ್ಧ ಗೇಣು. ಅವರ ಬದುಕಿನಲ್ಲಿ ಅದೇ ಗೆರೆ ಕುಣಿದದ್ದು 45 ಮೀಟರ್, ಅದೂ ಯಾರ ಗ್ರಾಫಿಕ್ಸ್ ಕಾರ್ಡೂ ಕೆಡದೆ. ಕೆರೆಯೂ ಉಳಿಯಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗೆರೆ ಎಳೆಯುವವರು ಎಲ್ಲೋ ದೂರದ ಸೊನ್ನೆಯಲ್ಲಿ ನಿಂತು ಎಳೆದರೆ ಅದು ಹಾರಿ ಬೀಳುವುದು ಇಂಥವರ ಗೋಡೆಯ ಮೇಲೆಯೇ.

ಅವರು ಪೆನ್‌ಡ್ರೈವ್ ಜೇಬಿಗೆ ಹಾಕಿಕೊಂಡು ಎದ್ದರು. ಬಾಗಿಲಲ್ಲಿ ನಿಂತು ಕೇಳಿದರು: "ನೀವು ಆವಾಗ್ಲಿಂದ ಆರ್, ಇ ಅಂತ ಒತ್ತುತಾ ಇದ್ರಲ್ಲ ಸಾರ್, ಅದನ್ನ ತಾಲ್ಲೂಕು ಕಚೇರೀಲಿ ಯಾರು ಒತ್ತುತಾರೆ?"

"ಅದಕ್ಕೆ ಬೇರೆ ಅರ್ಜಿ" ಎಂದೆ. "ಮೂರು ಪ್ರತಿ ತಗೊಂಡು ಹೋಗಿ."