ಶೆಂಗ್ ಲಾಂಗನ ಕಾಲ-ದೇಶ-ಮತ ವಿಚಾರ

ಕವಿರಾಜಮಾರ್ಗವನ್ನು ಬರೆದವನು ನೃಪತುಂಗನೋ ಶ್ರೀವಿಜಯನೋ ಎಂದು ನಮ್ಮ ಹಿರಿಯ ವಿದ್ವಾಂಸರು ತಲೆಮಾರುಗಟ್ಟಲೆ ಜಗಳವಾಡಿದ್ದಾರೆ. ನಾಗವರ್ಮರು ಎಷ್ಟು ಮಂದಿ ಎಂದು ಎಣಿಸುವುದರಲ್ಲೇ ಹಲವರ ಕನ್ನಡಕದ ನಂಬರು ಏರಿದೆ. ಹೀಗಿದ್ದೂ, ಹುಟ್ಟುವ ತೊಂದರೆಯನ್ನೇ ತೆಗೆದುಕೊಳ್ಳದೆ ಲೋಕಪ್ರಸಿದ್ಧನಾದ ಶೆಂಗ್ ಲಾಂಗನೆಂಬ ಮಹಾಗುರುವಿನ ಕಾಲ, ದೇಶ, ಮತಗಳ ಬಗ್ಗೆ ಯಾರೂ ಚಕಾರ ಎತ್ತಿಲ್ಲ. ಎತ್ತುವ ಲಕ್ಷಣವೂ ಕಾಣದ್ದರಿಂದ ಪ್ರಸ್ತುತ ಲೇಖಕನೇ ಟೊಂಕ ಕಟ್ಟಿದ್ದಾನೆ.

ಮೊದಲು ಆಕರದ ವಿಷಯ. ಅಮೆರಿಕದ ‘ಎಲೆಕ್ಟ್ರಾನಿಕ್ ಗೇಮಿಂಗ್ ಮಂಥ್ಲಿ’ ಎಂಬ ವಿಡಿಯೋ ಗೇಮ್ ಮಾಸಪತ್ರಿಕೆಯ 1992ರ ಏಪ್ರಿಲ್ ಸಂಚಿಕೆಯೇ ನಮ್ಮ ಮಾತೃಪ್ರತಿ. ಇದು ದೊರೆತದ್ದು ಅಲ್ಲಿಯೇ ಬೆಳೆದ ನನ್ನ ಸೋದರಳಿಯನ ಟ್ರಂಕಿನಲ್ಲಿ. ಮುಖಪುಟ ಲುಪ್ತ, ಪಿನ್ನುಗಳು ತುಕ್ಕು ಹಿಡಿದಿವೆ, ಉಳಿದ ಪುಟಗಳು ಹೊಸದರಂತಿದ್ದರೂ ಒಂದು ಪುಟ ಮಾತ್ರ ಪಾರಾಯಣದಿಂದ ಸವೆದು ಮೆತ್ತಗಾಗಿದೆ. ಅದರ ಬಲ ಅಂಚಿನಲ್ಲಿ ನಾಲ್ಕಾಣೆಯಗಲದ ಎಣ್ಣೆಯ ಕಲೆ. ಈ ಕಲೆ ಚಿಪ್ಸಿನದೆಂದು ಒಂದು ಪಕ್ಷ, ಚಕ್ಕುಲಿಯದೆಂದು ಇನ್ನೊಂದು. ಮೂಸಿ ನೋಡಲಾಗಿ ಕಾಲಾಂತರದಲ್ಲಿ ವಾಸನೆ ನಷ್ಟವಾಗಿದೆ. ಅಕ್ಕನಿಗೆ ಊರಿನಿಂದ ವರ್ಷಕ್ಕೆರಡು ಡಬ್ಬಿ ಹೋಗುತ್ತಿದ್ದುದರಿಂದ ನಾನು ಚಕ್ಕುಲಿ ಪಕ್ಷ.

ಇನ್ನು ನಾಯಕನ ಉತ್ಪತ್ತಿ. ಜಪಾನಿನ ಕ್ಯಾಪ್ಕಾಮ್ ಕಂಪನಿ 1991ರಲ್ಲಿ ‘ಸ್ಟ್ರೀಟ್ ಫೈಟರ್ 2’ ಎಂಬ ಹೊಡೆದಾಟದ ಆಟವನ್ನು ಹೊರತಂದಿತು. ಅದರಲ್ಲಿ ರಿಯು ಎಂಬ ಬಿಳಿ ಅಂಗಿಯ ತರುಣನಿದ್ದಾನೆ. ಇವನ ಬ್ರಹ್ಮಾಸ್ತ್ರ ‘ಶೋರ್ಯುಕೆನ್’, ಅಂದರೆ ಮೇಲೇರುವ ಡ್ರ್ಯಾಗನ್ನಿನ ಮುಷ್ಟಿ. ಗೆದ್ದಾಗ ಅವನು ಎದುರಾಳಿಗೆ, ನನ್ನ ಶೋರ್ಯುಕೆನ್ ಮುರಿಯದೆ ನಿನಗೆ ಗೆಲುವಿಲ್ಲ ಎಂಬರ್ಥದ ಮಾತು ಹೇಳುತ್ತಾನೆ. ಇದನ್ನು ಇಂಗ್ಲಿಷಿಗೆ ತರುವಾಗ ಅನಾಹುತವಾಯಿತು. ಶೋರ್ಯುಕೆನ್ ಬರೆಯಲು ಮೂರು ಅಕ್ಷರ. ಮೊದಲೆರಡನ್ನು ಜಪಾನಿ ಬಿಟ್ಟು ಚೀನೀ ಉಚ್ಚಾರಣೆಯಲ್ಲಿ ಓದಿದರೆ ‘ಶೆಂಗ್ ಲಾಂಗ್’. ಮೂರನೆಯದಾದ ‘ಮುಷ್ಟಿ’ ಅನುವಾದದಲ್ಲಿ ಕೈತಪ್ಪಿತು. ವೈಯಾಕರಣರು ಇಲ್ಲಿ ಕಿವಿಗೊಡಬೇಕು. ಮೇಲೇರುವ ಡ್ರ್ಯಾಗನ್ನು ಎಂಬ ಬಡ ಕರ್ಮಧಾರಯ, ಉತ್ತರಪದದ ಲೋಪದಿಂದಾಗಿ, ಒಂದೇ ರಾತ್ರಿಯಲ್ಲಿ ಬಹುವ್ರೀಹಿಯಾಗಿ ಎದ್ದು ಕೂತಿತು. ಬಹುವ್ರೀಹಿಯೆಂದರೆ ಅನ್ಯಪದಾರ್ಥ ಪ್ರಧಾನ, ಅನ್ಯನೊಬ್ಬ ಇರಲೇಬೇಕು! ಮುಷ್ಟಿ ಹೋಯಿತು, ಮನುಷ್ಯ ಬಂದ. ಶೆಂಗ್ ಲಾಂಗನನ್ನು ಸೋಲಿಸದೆ ನಿನಗೆ ಗೆಲುವಿಲ್ಲ ಎಂದು ತೆರೆಯ ಮೇಲೆ ಓದಿದ ಅಮೆರಿಕದ ಹುಡುಗರು, ಯಾರೀತ, ಎಲ್ಲಿ ಅಡಗಿದ್ದಾನೆ ಎಂದು ಹುಡುಕತೊಡಗಿದರು. ರಿಯುವಿನ ಗುರುವಿರಬೇಕು ಎಂಬ ಊಹೆ ಹಬ್ಬಿತು.

(ಈ ಆಟದಲ್ಲಿ ಹೆಸರಿನ ಗೊಂದಲ ಇದೊಂದೇ ಅಲ್ಲ. ಜಪಾನಿನಲ್ಲಿ ಎಂ. ಬೈಸನ್ ಎಂದರೆ ಬಾಕ್ಸರ್, ಬಾಲ್ರಾಗ್ ಎಂದರೆ ಉಗುರಿನವನು, ವೇಗ ಎಂದರೆ ಕೊನೆಯ ಖಳ. ಬಾಕ್ಸರ್ ಮೈಕ್ ಟೈಸನ್‌ನನ್ನು ಹೋಲುವುದರಿಂದ ಮೊಕದ್ದಮೆ ಬಂದೀತೆಂದು ಹೆದರಿ, ಹೊರದೇಶಗಳ ಆವೃತ್ತಿಯಲ್ಲಿ ಮೂವರ ಹೆಸರನ್ನೂ ಒಂದೊಂದು ಮನೆ ಸರಿಸಿದರು. ಆದ್ದರಿಂದ ಮುಂದೆ ‘ಬೈಸನ್’ ಎಂದಾಗ ಕೊನೆಯ ಖಳನೆಂದೇ ತಿಳಿಯತಕ್ಕದ್ದು. ನಮ್ಮ ನಾಗವರ್ಮರು ಎಷ್ಟೋ ವಾಸಿ.)

ಈ ಹಿನ್ನೆಲೆಯಲ್ಲಿ ಏಪ್ರಿಲ್ ಸಂಚಿಕೆಯ ಆ ಸವೆದ ಪುಟ ಶೆಂಗ್ ಲಾಂಗನ ದರ್ಶನವಿಧಿಯನ್ನು ಫೋಟೋ ಸಮೇತ ಉಪದೇಶಿಸುತ್ತದೆ. ಸಾಧಕನು ರಿಯುವನ್ನೇ ಆರಿಸಿಕೊಳ್ಳಬೇಕು. ಮೊದಲ ಹತ್ತು ಎದುರಾಳಿಗಳನ್ನು ಒಂದು ಪೆಟ್ಟೂ ತಿನ್ನದೆ ಗೆಲ್ಲಬೇಕು. ಹನ್ನೊಂದನೆಯವನಾದ ಬೈಸನ್ ಎದುರಾದಾಗ ಹೊಡೆಯಲೂ ಬಾರದು, ಹೊಡೆಸಿಕೊಳ್ಳಲೂ ಬಾರದು; 99ರಿಂದ ಸೊನ್ನೆಗಿಳಿಯುವ ಗಡಿಯಾರ ಮುಗಿಯುವ ತನಕ ತಪ್ಪಿಸಿಕೊಳ್ಳುತ್ತಾ ಹತ್ತು ಸುತ್ತುಗಳನ್ನು ಡ್ರಾ ಮಾಡಬೇಕು. ಆಗ ಶೆಂಗ್ ಲಾಂಗ್ ಆವಿರ್ಭವಿಸಿ, ಬೈಸನ್‌ನನ್ನು ವಿಲೇವಾರಿ ಮಾಡಿ, ಸಾಧಕನೊಡನೆ ಯುದ್ಧಕ್ಕೆ ನಿಲ್ಲುತ್ತಾನೆ. ಪ್ರತಿ ಪ್ರಯತ್ನಕ್ಕೆ ದಕ್ಷಿಣೆ ಒಂದು ಕ್ವಾರ್ಟರ್. ಇಲ್ಲಿ ಕ್ವಾರ್ಟರ್ ಎಂದರೆ 25 ಸೆಂಟಿನ ನಾಣ್ಯ. ನಮ್ಮ ಕಡೆ ರೂಢಿಯಲ್ಲಿರುವ ಅರ್ಥವನ್ನು ಮಾಡಿಕೊಳ್ಳಬಾರದು. ಮಾಡಿಕೊಂಡರೆ ದರ್ಶನ ಬೇಗ ಆಗುತ್ತದೆ.

ಈ ಪಾಠ ಪ್ರಾಮಾಣಿಕವೇ? ಕ್ಲಿಷ್ಟಪಾಠವೇ ಮೂಲಪಾಠ ಎಂಬುದು ಗ್ರಂಥಸಂಪಾದನೆಯ ಹಳೆಯ ಸೂತ್ರ. ಇದಕ್ಕಿಂತ ಕ್ಲಿಷ್ಟವಾದದ್ದು ಎಲ್ಲಿದೆ? ವಿಧಿಯನ್ನು ಪೂರೈಸಿದವರೇ ಇಲ್ಲವಾದ್ದರಿಂದ ಸುಳ್ಳೆಂದು ತೋರಿಸಿಕೊಟ್ಟವರೂ ಇಲ್ಲ. ಸಾಲದ್ದಕ್ಕೆ ಬೇರೆ ಪತ್ರಿಕೆಗಳೂ ಇದನ್ನು ಪರೀಕ್ಷಿಸದೆ ಎತ್ತಿ ಮುದ್ರಿಸಿದವು. ಪ್ರತಿಗಳು ಹೆಚ್ಚಾದವು, ಗ್ರಂಥದ ತೂಕ ಏರಿತು. ಎಲ್ಲವೂ ಒಂದೇ ಮಾತೃಪ್ರತಿಯ ಮಕ್ಕಳೆಂಬುದನ್ನು ಯಾರೂ ನೋಡಲಿಲ್ಲ. ನಮ್ಮ ವಿಭಾಗಗಳಲ್ಲಿ ಇದೇ ಕ್ರಮದಲ್ಲಿ ಪಿಎಚ್‌ಡಿ ಆಗುತ್ತದೆಂದು ಕೆಲವರು ಆಡಿಕೊಳ್ಳುವುದುಂಟು. ಅದು ಈ ಪ್ರಬಂಧದ ವ್ಯಾಪ್ತಿಗೆ ಬರುವುದಿಲ್ಲ.

ಆದರೆ ವಚನಕ್ಕೆ ಅಂಕಿತವಿರುವಂತೆ ಈ ಪುಟಕ್ಕೂ ಒಂದಿದೆ. ಮಾಹಿತಿ ಕಳಿಸಿದವನು ಡಬ್ಲ್ಯು. ಎ. ಸ್ಟೋಕಿನ್ಸ್, ಊರು ಫುಲ್ಡಿಜೆನ್, ರಾಜ್ಯ ಎಚ್‌ಎ. ಅಮೆರಿಕದ 50 ರಾಜ್ಯಗಳಲ್ಲಿ ಎಚ್‌ಎ ಎಂಬ ಸಂಕೇತದ್ದು ಒಂದೂ ಇಲ್ಲ. ಊರನ್ನೂ ರಾಜ್ಯವನ್ನೂ ಒಂದೇ ಉಸಿರಿಗೆ ಓದಿದರೆ ‘ಫೂಲ್ಡ್ ಅಗೇನ್, ಹಾ!’ ಎಂದು ಕೇಳುತ್ತದೆ. ಮತ್ತೆ ಏಮಾರಿದಿರಿ ಎಂದರ್ಥ. ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ಮನ್ನಿಸಿ ಎಂದು ಗರಿಯ ಕೊನೆಯಲ್ಲಿ ಕೈಮುಗಿಯುವ ನಮ್ಮ ಲಿಪಿಕಾರನೆಲ್ಲಿ, ಈತನೆಲ್ಲಿ! ಸಂಚಿಕೆಯ ತಿಂಗಳು ಏಪ್ರಿಲ್ ಎಂಬುದನ್ನು ನಾನು ಆರಂಭದಲ್ಲೇ ಹೇಳಿದ್ದೆ. ಪತ್ರಿಕೆ ಈ ಕುಚೋದ್ಯವನ್ನು ಒಪ್ಪಿಕೊಂಡದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಅಷ್ಟರಲ್ಲಿ ಎಷ್ಟು ಹುಡುಗರ ಬೆರಳು ಬೊಬ್ಬೆ ಎದ್ದಿತ್ತೋ.

ಹಾಗಾದರೆ ಶೆಂಗ್ ಲಾಂಗನ ದೇಶ: ಉಚ್ಚಾರಣೆಯಲ್ಲಿ ಚೀನಾ, ಅಕ್ಷರದಲ್ಲಿ ಜಪಾನ್, ಜನನಸ್ಥಳ ಅಮೆರಿಕದ ಛಾಪಖಾನೆ. ಮತದ ವಿಷಯದಲ್ಲಿ, ಹೊಡೆಯದೆ ಹೊಡೆಸಿಕೊಳ್ಳದೆ ಹತ್ತು ಸುತ್ತು ನಿಲ್ಲುವುದು ಅಹಿಂಸೆಯಲ್ಲದೆ ಮತ್ತೇನು, ಆದ್ದರಿಂದ ಜೈನ ಎನ್ನಬಹುದು. ಬಂದವನೇ ಬೈಸನ್‌ಗೆ ಮಾಡುವುದನ್ನು ನೋಡಿದರೆ ಈ ವಾದ ಬಿದ್ದುಹೋಗುತ್ತದೆ. ಕಾಲದ ಮಾತು ಮಾತ್ರ ವಿಚಿತ್ರ. 1994ರ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೋ’ದಲ್ಲಿ ಕ್ಯಾಪ್ಕಾಮ್ ಅಕುಮಾ ಎಂಬ ಗುಪ್ತ ವೀರನನ್ನು ಇಳಿಸಿತು. ನಿಯಮಗಳನ್ನು ಪಾಲಿಸಿದರೆ ಇವನು ನುಗ್ಗಿ ಬಂದು, ಬೈಸನ್‌ನನ್ನು ಕೊಂದು, ಆಟಗಾರನಿಗೆ ಸವಾಲು ಹಾಕುತ್ತಾನೆ! ಪ್ರಕ್ಷಿಪ್ತ ಮೊದಲು, ಮೂಲ ಆಮೇಲೆ. ರಿಯುವಿನ ನಿಜವಾದ ಗುರುವಿಗೂ ಮುಂದೆ ಗೋಕೆನ್ ಎಂದು ಬೇರೆಯೇ ಹೆಸರು ಬಂತು.

ಅಳಿಯನಿಗೆ ಈಗ ನಲವತ್ತು ದಾಟಿದೆ. ಕರಡನ್ನು ಓದಿ ಹೇಳಿದರೆ ಅರ್ಧಕ್ಕೇ ತಡೆದು, “ಅದೆಲ್ಲ ಸರಿ ಮಾಮ, ನಾನು ಏಳನೇ ಸುತ್ತಿನವರೆಗೂ ಹೋಗಿದ್ದೆ. ಹೆಬ್ಬೆರಳು ಜಾರಿತು, ಅಷ್ಟೇ” ಎಂದ. ಮುಂದಿನದನ್ನು ನಾನು ಓದಲಿಲ್ಲ.

1992ರ ಡಿಸೆಂಬರ್ ಸಂಚಿಕೆ ಓದುಗರಲ್ಲಿ ಯಾರ ಬಳಿಯಾದರೂ ಇದ್ದರೆ ದಯವಿಟ್ಟು ನನಗೆ ಕಳಿಸಿಕೊಡಿ. ಅವನ ಕೈಗೆ ಮಾತ್ರ ಕೊಡಬೇಡಿ.